ಪುಣೆಯಲ್ಲಿ ಹೆಸರು ಪಡೆದ ಮಹಶೀರ್

ಶೃಂಗೇರಿಯಲ್ಲಿ ಮಂಡಕ್ಕಿ ಎಸೆದರೆ ಮುತ್ತಿಕೊಳ್ಳುವ ದೇವರ ಮೀನು ಗೊತ್ತಲ್ಲ? ಆ ಮಹಶೀರ್ ಬಳಗದ ‘ಟಾರ್ ಖುದ್ರಿ’ಗೆ ಶಾಸ್ತ್ರದ ಹೆಸರು ಸಿಕ್ಕಿದ್ದು ಪುಣೆಯ ಮುಳಾ-ಮುಠಾ ಹೊಳೆಯಿಂದ. 1839ರಲ್ಲಿ ಕರ್ನಲ್ ಸೈಕ್ಸ್ ಇದನ್ನು ಬಾರ್ಬಸ್ ಕುಲಕ್ಕೆ ಸೇರಿಸಿದ. ಈಗ ಕುಲ ಟಾರ್, ಕುಟುಂಬ ಗೆಂಡೆ ಮೀನಿನದು.

ಬಾಯಲ್ಲಿ ಒಂದೂ ಹಲ್ಲಿಲ್ಲ! ಇರುವುದೆಲ್ಲ ಗಂಟಲಲ್ಲಿ. ಹವಳದ ದಿಬ್ಬದ ಗಿಳಿಮೀನೂ ಗಂಟಲಲ್ಲೇ ಅರೆಯುತ್ತದೆ, ಆದರೆ ಅದಕ್ಕೆ ಕೊಕ್ಕೂ ಉಂಟು. ಖುದ್ರಿಗೆ ಬಸವನಹುಳು, ಹುಳಹುಪ್ಪಟೆ, ದಡದ ಮರದಿಂದ ಉದುರಿದ ಹಣ್ಣು, ಎಲ್ಲವೂ ಆಗುತ್ತದೆ. ಮಳೆಗಾಲದಲ್ಲಿ ನೀರಿಗೆ ಎದುರಾಗಿ ಈಜಿ, ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆಯಿಡುತ್ತದೆ.

ಪುಣೆ ಜಿಲ್ಲೆಯ ಲೋಣಾವಳಾದಲ್ಲಿ ಟಾಟಾ ಕಂಪನಿ ಇದರ ಮರಿ ಬೆಳೆಸಿತು. ಮರಿಗಳು ಕಾವೇರಿಗೂ ಬಂದವು. ಉಪಕಾರವೇ? ನನಗಂತೂ ಅನುಮಾನ. ಅಲ್ಲಿಯದೇ ಆದ ಡುಬ್ಬದ ಮಹಶೀರ್‌ಗೆ ಜಾಗ ಕಿರಿದಾಯಿತು. 2018ರಲ್ಲಷ್ಟೇ ಅದು ‘ಟಾರ್ ರೆಮಾದೇವಿಯೈ’ ಎಂದು ಗುರುತಾಗಿ, ಅದೇ ವರ್ಷ ತೀರಾ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.