ಬಳ್ಳಾರಿಗೆ ಬರೋಕೆ ಕೋರ್ಟ್ ಅನುಮತಿ!

ಬಳ್ಳಾರಿಗೆ ಕಾಲಿಡೋಕೂ
ಸುಪ್ರೀಂ ಕೋರ್ಟ್ ಅನುಮತಿ ಬೇಕಿದ್ದ ಮಾಜಿ ಮಂತ್ರಿ ಯಾರು ಗೊತ್ತಾ?

ಗಾಲಿ ಜನಾರ್ದನ ರೆಡ್ಡಿ.
ಪೊಲೀಸ್ ಕಾನ್‌ಸ್ಟೇಬಲ್ ಮಗ.
1999ರಲ್ಲಿ ಬಳ್ಳಾರೀಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತ್ರಲ್ಲ,
ರೆಡ್ಡಿ ಸೋದರರ ಹೆಸರು ಎದ್ದಿದ್ದೇ ಆಗ.
2008ಕ್ಕೆ ಬಿಜೆಪಿ ಸರ್ಕಾರದಲ್ಲಿ ಮಂತ್ರಿ.

ಬಳ್ಳಾರಿ ಹತ್ತಿರದ ಆಗಿನ ಕುಡತಿನಿ ರಸ್ತೆ ನೆನಪಿದೆಯಾ?
ಸಾಲು ಸಾಲು ಅದಿರು ಲಾರಿ.
ಜೋಳದ ಗರಿ ಮೇಲೂ ಕೆಂಪು ಧೂಳು.

ಆರೋಪ ಏನು?
ಬದು ಒತ್ತಿ ಪಕ್ಕದವರ ಹೊಲ ಉಳ್ತಾರಲ್ಲ,
ಹಾಗೇ ಆಂಧ್ರ, ಕರ್ನಾಟಕದ ಗಡಿ ಗುರುತನ್ನೇ ಅಳಿಸಿ
ಅದಿರು ಅಗೆದ್ರು ಅಂತ.

2011ರ ಸೆಪ್ಟೆಂಬರ್ 5.
ಇದೇ ಓಬಳಾಪುರಂ ಗಣಿ ಕೇಸಲ್ಲಿ ರೆಡ್ಡಿಯನ್ನ ಸಿಬಿಐ ಬಂಧಿಸ್ತು.
2015ರಲ್ಲಿ ಜಾಮೀನು.
ಷರತ್ತು: ಸುಪ್ರೀಂ ಕೋರ್ಟ್ ಅನುಮತಿ ಇಲ್ಲದೆ ಬಳ್ಳಾರಿಗೆ ಹೋಗೋ ಹಾಗಿಲ್ಲ!

ಸ್ವಂತ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತೀಲಿ ಗೆದ್ರು.
2024ರಲ್ಲಿ ಮತ್ತೆ ಬಿಜೆಪಿ. ನಿರ್ಬಂಧವೂ ತೆರವು.

2025ರ ಮೇ 6.
ಹೈದರಾಬಾದ್ ಸಿಬಿಐ ಕೋರ್ಟ್ ತೀರ್ಪು: 7 ವರ್ಷ ಜೈಲು.
ಶಾಸಕ ಸ್ಥಾನ ಹೋಯ್ತು.
ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಗೆ ತಡೆ ಕೊಡ್ತು.
ಸ್ಥಾನ ವಾಪಸ್ ಬಂತು.