ಹದಿನೈದು ವರ್ಷದ ಬಸಿರು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. "ಮಾಲ್ ಕಟ್ಟಿ ನೋಡು" ಎಂದು ಸೇರಿಸಲಿಲ್ಲ. ಪಾಪ, ಅವರು ನ್ಯೂಜೆರ್ಸಿ ನೋಡಿರಲಿಲ್ಲ!

ಈಸ್ಟ್ ರುದರ್‌ಫರ್ಡ್‌ನ ಅಮೆರಿಕನ್ ಡ್ರೀಮ್ ಮಾಲಿಗೆ ನಮ್ಮಲ್ಲಿ ಅನೇಕರು ಮಕ್ಕಳೊಂದಿಗೆ ಹೋಗಿದ್ದೇವೆ. ಸುಮಾರು 30 ಲಕ್ಷ ಚದರಡಿಯ ಈ ಕಟ್ಟಡದ ಕೆಲಸ ಆರಂಭವಾದದ್ದು 2004ರಲ್ಲಿ. ಆಗ ಅದರ ಹೆಸರು ಝನಡು. ಬಾಗಿಲು ತೆರೆದದ್ದು 2019ರ ಅಕ್ಟೋಬರ್ 25ರಂದು. ವೈದ್ಯನಾದ ನನಗೆ ಒಂಬತ್ತು ತಿಂಗಳ ಬಸಿರು ಗೊತ್ತು. ಟರ್ನ್‌ಪೈಕ್‌ನಲ್ಲಿ ಆಸ್ಪತ್ರೆಗೆ ಹೋಗಿಬರುತ್ತಾ ಈ ಹದಿನೈದು ವರ್ಷದ ಬಸಿರನ್ನೂ ಕಂಡೆ.

2006ರಲ್ಲಿ ನನ್ನ ತಂದೆ ತಾಯಿ ಇಲ್ಲಿಗೆ ಬಂದಿದ್ದರು. ತಂದೆಯವರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಪಿ.ಡಬ್ಲ್ಯು.ಡಿ.ಯಲ್ಲಿ ಎಂಜಿನಿಯರಾಗಿ ನಿವೃತ್ತರಾದ ಅವರು ದೇವಸ್ಥಾನ ನೋಡುವ ಭಕ್ತಿಯಿಂದ ಆ ಕಟ್ಟಡ ನೋಡಿದರು. ಒಳಗೇ ಹಿಮದ ಇಳಿಜಾರು ಮಾಡಿ ಸ್ಕೀ ಆಡಿಸುತ್ತಾರಂತೆ ಎಂದು ಕೇಳಿ, ಎಂಟು ವರ್ಷದ ನನ್ನ ಮಗಳಿಗೆ ಮಾತು ಕೊಟ್ಟರು: "ಮುಂದಿನ ಸಲ ಬಂದಾಗ ನಾನೂ ನೀನೂ ಅಲ್ಲಿ ಜಾರೋಣ ಪುಟ್ಟಿ."

ಆರಂಭ 2007ರಲ್ಲಿ ಎಂದರು. ಆಮೇಲೆ 2008, ಮತ್ತೆ 2009. ಮೊದಲ ಕಂಪನಿಯ ಹಣಕಾಸು ಕುಸಿದು ಬೇರೆಯವರು ಕೈಹಾಕಿದರು. 2008ರಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಅದಕ್ಕೆ ಸೇರಿದ ಸಂಸ್ಥೆಯಿಂದ ಬರಬೇಕಿದ್ದ ಸಾಲ ನಿಂತು, 2009ರಲ್ಲಿ ಕೆಲಸವೂ ನಿಂತಿತು.

2010ರಲ್ಲಿ ಅಣ್ಣ ಮತ್ತೆ ಬಂದರು. ಬಣ್ಣಬಣ್ಣದ ಗೋಡೆಗಳನ್ನು ದೂರದಿಂದ ತೋರಿಸಿ, "ಇನ್ನೇನು ಮುಗೀತು ಅಣ್ಣ" ಎಂದೆ. "ಗೋಡೆ ನೋಡಬೇಡ, ಕೆಲಸದವರ ಗಾಡಿ ಎಷ್ಟಿವೆ ಎಣಿಸು" ಎಂದರು. ಒಂದೂ ಕಾಣಲಿಲ್ಲ. "ಸೂರಿನವರೆಗಿನ ದುಡ್ಡು ಹೊಂದಿಸಿಕೊಳ್ಳದೆ ಪಾಯ ತೋಡಬಾರದು ಕಣೋ. ನೀನು ಕೆಲಸ ನಿಲ್ಲಿಸಿದೆ ಅಂತ ಮಳೆ ನಿಲ್ಲುತ್ತಾ?"

ಅವರ ಮಾತೇ ನಿಜವಾಯಿತು. 2011ರ ಚಳಿಗಾಲದಲ್ಲಿ, ಒಳಗೆ ಹಿಮ ತುಂಬಬೇಕಿದ್ದ ಸ್ಕೀ ಕಟ್ಟಡಕ್ಕೆ ಹೊರಗೆ ಬಿದ್ದ ಹಿಮದ ಭಾರದಿಂದಲೇ ಪೆಟ್ಟಾಯಿತು!

ಅದೇ ವರ್ಷ, ಮಿನೆಸೋಟದ ಮಾಲ್ ಆಫ್ ಅಮೆರಿಕದ ಒಡೆಯರಾದ ಟ್ರಿಪಲ್ ಫೈವ್‌ನವರು ಮುಂದೆ ಬಂದರು. ಮನರಂಜನಾ ಪಾರ್ಕು, ವಾಟರ್ ಪಾರ್ಕು ಸೇರಿಸಿ ಯೋಜನೆಯನ್ನು ಹಿಗ್ಗಿಸಿದರು. ಟ್ರಾಫಿಕ್ ಹೆಚ್ಚುತ್ತದೆಂದು ಪಕ್ಕದ ಸ್ಟೇಡಿಯಂನ ಜೈಂಟ್ಸ್, ಜೆಟ್ಸ್ ತಂಡಗಳು 2012ರಲ್ಲಿ ಕೋರ್ಟಿಗೆ ಹೋದವು. ರಾಜಿಯಾಗಲು 2014 ಬಂತು. ಪೂರ್ತಿ ಕೆಲಸಕ್ಕೆ ಬೇಕಾದ ಬಾಂಡು, ಸಾಲಗಳು ಕೂಡಿಬಂದದ್ದು 2017ರಲ್ಲಿ.

ರೋಗಿಯ ಕೇಸ್ ಶೀಟ್ ಓದಿದಂತೆ ಓದಿದರೆ ಇಲ್ಲಿ ರೋಗ ಒಂದಲ್ಲ, ಮೂರು: ಅರ್ಧಕ್ಕೆ ನಿಂತ ಹಣ, ಮೊದಲೇ ಒಪ್ಪಿಸದ ನೆರೆಹೊರೆ, ಮತ್ತೆ ಮತ್ತೆ ಹುಸಿಯಾದ ತಾರೀಖು. ಕೊನೆಗೆ ಹಿಡಿದ ದಾರಿ ಮಾತ್ರ ಜಾಣತನದ್ದು. ಎಲ್ಲ ಮುಗಿಯಲಿ ಎಂದು ಕಾಯದೆ, ಸಿದ್ಧವಾದದ್ದನ್ನು ತೆರೆಯುತ್ತಾ ಹೋದರು. ಅಕ್ಟೋಬರಿನಲ್ಲಿ ಆಟದ ಪಾರ್ಕು ಮತ್ತು ಐಸ್ ರಿಂಕ್, ಡಿಸೆಂಬರಿನಲ್ಲಿ ಹಿಮದ ಇಳಿಜಾರು. ಬಹುಪಾಲು ಅಂಗಡಿಗಳು ತೆರೆಯುವ ಹೊತ್ತಿಗೆ, 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲ ಮುಚ್ಚಿತು. ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ.

ಆ ಡಿಸೆಂಬರಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನನ್ನ ಮಗಳೇ. ಅವಳಿಗಾಗ ಇಪ್ಪತ್ತೊಂದು. ಬೂಟು ಕಟ್ಟಿಕೊಳ್ಳುತ್ತಾ "ತಾತ ಬರಬೇಕಿತ್ತು ಅಪ್ಪ" ಎಂದಳು. ನಾನು ಮಾತಾಡಲಿಲ್ಲ.

ಅಣ್ಣ ತೀರಿಕೊಂಡದ್ದು 2014ರಲ್ಲಿ. ಅದರ ಹಿಂದಿನ ವರ್ಷ ಅವರಿಗೆ ಹುಷಾರಿಲ್ಲದಾಗ "ಯುಗಾದಿಗೆ ಬರ್ತೀನಿ" ಎಂದೆ. ಆಮೇಲೆ "ಗಣೇಶನ ಹಬ್ಬಕ್ಕೆ" ಎಂದೆ. ಆಮೇಲೆ "ದೀಪಾವಳಿಗೆ". ಪೂರ್ತಿ ಒಂದು ತಿಂಗಳು ರಜೆ ಸಿಗಲಿ, ನೆಮ್ಮದಿಯಾಗಿ ಜೊತೆಗಿರೋಣ ಎಂದು ಕಾದೆ. ಅವರು ಒಮ್ಮೆಯೂ ಆಕ್ಷೇಪಿಸಲಿಲ್ಲ. ಕೊನೆಗೆ ನಾನು ಹೋದದ್ದು ಕ್ರಿಯೆಗೆ.

ಮಾಲಿನವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಅವರಾದರೂ ಸಿದ್ಧವಾದಷ್ಟನ್ನು ತೆರೆದರು. ನನ್ನ ಕೈಯಲ್ಲೂ ಹತ್ತು ದಿನದ ರಜೆ ಇತ್ತು.

ಯುಗಾದಿಯ ಶುಭಾಶಯಗಳು. ಊರಿನಲ್ಲಿ ಹಿರಿಯರಿದ್ದರೆ, ತಿಂಗಳ ರಜೆಗೆ ಕಾಯಬೇಡಿ. ಹತ್ತು ದಿನ ಸಿಕ್ಕರೆ ಹತ್ತೇ ದಿನಕ್ಕೆ ಹೋಗಿಬನ್ನಿ.