ಹಗ್ಗ ಹಿಡಿದು ಮರದ ನೆತ್ತಿಗೆ

ಅಡಿಕೆ ಕೊನೆ ಇಳಿಸುವವರು ಕಾಲಿಗೆ ತಳೆ ಹಾಕಿಕೊಂಡು ಸರಸರನೆ ಮರ ಏರುತ್ತಾರೆ. ಕಾಂಡ ಸಪೂರ, ತೋಳಿಗೆ ಸಿಗುತ್ತದೆ. ಪಶ್ಚಿಮಘಟ್ಟದ ಹೆಮ್ಮರಗಳ ಲೆಕ್ಕವೇ ಬೇರೆ. ಬುಡವನ್ನು ಒಬ್ಬರಿಂದ ತಬ್ಬಲಾಗದು, ಮೊದಲ ಕೊಂಬೆಯೇ ಕೈಗೆಟುಕದಷ್ಟು ಎತ್ತರದಲ್ಲಿರುತ್ತದೆ. ಆದರೆ ಹೂವು, ಹಣ್ಣು, ಜೇನು, ಬಾವಲಿ ಎಲ್ಲದರ ವಹಿವಾಟು ನಡೆಯುವುದು ನೆತ್ತಿಯಲ್ಲೇ. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ಕುಲ್ಲೇನಿಯಾ ಮರದ ಪರಾಗಸ್ಪರ್ಶವನ್ನು ಅಭ್ಯಸಿಸಿದವರು. ಇಂಥ ಕೆಲಸಕ್ಕೆ ಹಗ್ಗದ ಜ್ಞಾನ ಬೇಕೇ ಬೇಕು.

ಮೊದಲ ಕೆಲಸ ನೆಲದ ಮೇಲಿನದು. ಸಣ್ಣ ತೂಕದ ಚೀಲಕ್ಕೆ ತೆಳು ದಾರ ಕಟ್ಟಿ, ಕೈಯಿಂದಲೋ ದೊಡ್ಡ ಕ್ಯಾಟರ್‌ಬಿಲ್ಲಿನಿಂದಲೋ ಗಟ್ಟಿ ಕೊಂಬೆಯ ಮೇಲಿಂದ ಹಾಯಿಸುತ್ತಾರೆ. ಆ ದಾರದಿಂದ ಸುಮಾರು 11 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಹಗ್ಗ ಹಿಗ್ಗುವಂತಿದ್ದರೆ ಏರುವವರ ಶ್ರಮವೆಲ್ಲ ಜೋಲಾಟದಲ್ಲೇ ಕಳೆದುಹೋಗುತ್ತದೆ.

ಏರುವಾಗ ಕಾಪಾಡುವುದು ಘರ್ಷಣೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟನ್ನು ನೋಡಿ. ದಪ್ಪ ಹಗ್ಗಕ್ಕೆ ತೆಳು ಹಗ್ಗದ ಕುಣಿಕೆಯನ್ನು ಎರಡು ಮೂರು ಸುತ್ತು ಹಾಕಿರುತ್ತಾರೆ. ಭಾರ ಬಿದ್ದೊಡನೆ ಸುತ್ತುಗಳು ಬಿಗಿದು ಗಂಟು ನಿಂತಲ್ಲೇ ನಿಲ್ಲುತ್ತದೆ. ಭಾರ ತೆಗೆದರೆ ಬೆರಳಲ್ಲಿ ತಳ್ಳಿದಷ್ಟಕ್ಕೇ ಮೇಲೆ ಜಾರುತ್ತದೆ. ಜುಮಾರ್ ಎಂಬ ಲೋಹದ ಹಿಡಿಕೆ ಇದೇ ಕೆಲಸವನ್ನು ಹಲ್ಲುಗಳಿಂದ ಮಾಡುತ್ತದೆ. ಒಂದು ಹಿಡಿಕೆ ಎದೆಯ ಬಳಿ, ಇನ್ನೊಂದು ಕೈಯಲ್ಲಿ, ಅದಕ್ಕೆ ಕಾಲಿನ ಕುಣಿಕೆ. ಕುಣಿಕೆಯಲ್ಲಿ ಎದ್ದು ನಿಂತರೆ ಎದೆಯ ಹಿಡಿಕೆ ಮೇಲೇರುತ್ತದೆ. ಸೊಂಟಪಟ್ಟಿಯಲ್ಲಿ ಕೂತು ಕೈಯದನ್ನು ಮೇಲೆ ಸರಿಸಬೇಕು. ದೇಹವನ್ನು ಎತ್ತುವುದು ತೊಡೆಯ ಸ್ನಾಯುಗಳು, ತೋಳಲ್ಲ. ಬಲವಂತವಾಗಿ ತೋಳಿನಿಂದಲೇ ಏರುವವರು ಅರ್ಧ ದಾರಿಯಲ್ಲೇ ಸೋಲುತ್ತಾರೆ.

ಹಗ್ಗವನ್ನು ಹೇಗೆ ಕಟ್ಟಿದ್ದೇವೆ ಎಂಬುದರ ಮೇಲೆ ಕೊಂಬೆಯ ಮೇಲಿನ ಭಾರ ಬದಲಾಗುತ್ತದೆ. ಹಗ್ಗದ ಎರಡೂ ಎಳೆಗಳು ಏರುವವರಿಗೇ ಸೇರಿ, ಹಗ್ಗವೇ ಕೊಂಬೆಯ ಮೇಲೆ ಸರಿಯುವಂತಿದ್ದರೆ, 70 ಕಿಲೋ ತೂಕ ಎರಡು ಎಳೆಗಳಿಗೆ 35ರಂತೆ ಹಂಚಿಹೋಗುತ್ತದೆ. ಕೊಂಬೆಗೆ ಬೀಳುವುದು 70 ಕಿಲೋ ಮಾತ್ರ. ಆದರೆ ಒಂದು ಮೀಟರ್ ಎಳೆದರೆ ಏರುವುದು ಅರ್ಧ ಮೀಟರ್. ಹಗ್ಗದ ಒಂದು ತುದಿಯನ್ನು ಬುಡಕ್ಕೆ ಕಟ್ಟಿ ಇನ್ನೊಂದು ಎಳೆಯಲ್ಲಿ ಏರಿದರೆ ವೇಗ ಹೆಚ್ಚು. ಆಗ ಮನುಷ್ಯನ ಕಡೆ 70, ಬುಡದ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಎಳೆತ. ತೊಗಟೆಯ ಘರ್ಷಣೆ ಸ್ವಲ್ಪ ತಗ್ಗಿಸಿದರೂ ಕೊಂಬೆ ಸುಮಾರು 140 ಕಿಲೋ ಹೊರಬೇಕು. ಜಗ್ಗಾಟಕ್ಕೆ ಅದು ಇನ್ನೂ ಏರುತ್ತದೆ. ಅದಕ್ಕೇ ಏರುವ ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಕೊಂಬೆಯನ್ನು ಪರೀಕ್ಷಿಸುವುದು ರೂಢಿ.

ಬುಡದ ಕಟ್ಟಿಗೆ ಇಳಿಸುವ ಸಾಧನ ಜೋಡಿಸಿದ್ದರೆ ದೊಡ್ಡ ಅನುಕೂಲವಿದೆ. ಮೇಲಿದ್ದವರು ಪ್ರಜ್ಞೆ ತಪ್ಪಿದರೆ ಕೆಳಗಿದ್ದವರೇ ಮೆಲ್ಲಗೆ ಇಳಿಸಬಹುದು. ಸೊಂಟಪಟ್ಟಿಯಲ್ಲಿ ಅಲುಗಾಡದೆ ನೇತಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಜೀವಕ್ಕೇ ಅಪಾಯ. ಅಗ್ನಿಶಾಮಕ ದಳ ಬರುವವರೆಗೆ ಕಾಯುವಷ್ಟು ಸಮಯವಿರುವುದಿಲ್ಲ.

ನಮ್ಮಲ್ಲಿ ತೋಟದ ಮರಕ್ಕೂ ಬೀದಿಯ ಮರಕ್ಕೂ ಜನರನ್ನು ಹತ್ತಿಸುತ್ತಲೇ ಇರುತ್ತೇವೆ. ಹತ್ತಿಸುವ ಮುನ್ನ ಹೆಲ್ಮೆಟ್, ಹಗ್ಗ, ಕೊಂಬೆ ಮೂರನ್ನೂ ನೋಡಿ. ಅವರನ್ನು ಕೆಳಗಿಳಿಸಲು ಬಲ್ಲ ಇನ್ನೊಬ್ಬರು ಬುಡದಲ್ಲಿ ಇಲ್ಲವೆಂದಾದರೆ ಯಾರನ್ನೂ ಮರ ಹತ್ತಿಸಬೇಡಿ.